ಬೆವರಿಗೂ ಒಂದು ಲೆಕ್ಕ

ಎಲ್ಲರಿಗೂ ನಮಸ್ಕಾರ.

ಮುಂದಿನ ಸಾಲುಗಳಲ್ಲಿ ದೈಹಿಕ ಶಿಕ್ಷಣದ ವಿದ್ಯಾರ್ಥಿಗಳು ಕುಳಿತಿದ್ದೀರಿ. ಹಿಂದೆ ಗೋಡೆಗೆ ಒರಗಿಕೊಂಡು ಕಿವಿ ಮುರುಟಿದ ನಾಲ್ಕೈದು ಮಂದಿ ಕಾಣುತ್ತಿದ್ದಾರೆ, ಕುಸ್ತಿಯವರೇ ಇರಬೇಕು. ಅವರ ಎದುರು ಮಿಶ್ರ ಸಮರ ಕಲೆಗೆ ಕ್ರೀಡಾ ವಿಜ್ಞಾನ ಏನು ಕೊಡುತ್ತಿದೆ ಎಂಬ ವಿಷಯ ಮಾತನಾಡಲು ನನಗೆ ಕೊಂಚ ಅಳುಕು. ನಾನು ಶರೀರಕ್ರಿಯಾಶಾಸ್ತ್ರ ಪಾಠ ಹೇಳುವವನು, ಆ ಪಂದ್ಯ ನಡೆಯುವ ಜಾಲರಿಯ ಕೇಜಿನೊಳಗೆ ಕಾಲಿಟ್ಟವನಲ್ಲ. ಕಾಲೇಜಿನಲ್ಲಿ ಎರಡು ವರ್ಷ ಕುಸ್ತಿ ಆಡಿದ್ದೆ ಎನ್ನುವುದೊಂದೇ ನನ್ನ ಅರ್ಹತೆ, ಅದೂ ಹೇಳಿಕೊಳ್ಳುವಂಥದ್ದಲ್ಲ.

ಹೇಳಿಯೇಬಿಡುತ್ತೇನೆ. ಅಂತರ ಕಾಲೇಜು ಪಂದ್ಯದ ಹಿಂದಿನ ರಾತ್ರಿ ನನ್ನ ತೂಕ ಮಿತಿಗಿಂತ ಎರಡೂವರೆ ಕಿಲೋ ಹೆಚ್ಚಿತ್ತು. ಉಣ್ಣೆಯ ಸ್ವೆಟರ್ ತೊಟ್ಟು, ಮೇಲೆ ಮಳೆಗಾಲದ ಪ್ಲಾಸ್ಟಿಕ್ ಕೋಟು ಹಾಕಿ, ಬಾಯಲ್ಲಿ ಹುಣಸೆಹಣ್ಣಿನ ಉಂಡೆ ಇಟ್ಟುಕೊಂಡು ಎಂಜಲು ಉಗುಳುತ್ತಾ ಮೈದಾನ ಸುತ್ತಿದೆ. ಹುಣಸೆಹಣ್ಣಿನ ಉಪಾಯ ಹಿರಿಯ ಪೈಲ್ವಾನರೊಬ್ಬರದು. ಬೆಳಿಗ್ಗೆ ತೂಕದವರು ಸರಿ ಎಂದರು. ಪಂದ್ಯದ ಎರಡನೆಯ ನಿಮಿಷಕ್ಕೆ ನನ್ನ ಎರಡೂ ಮೀನಖಂಡಗಳು ಕಲ್ಲಾದವು. ಎದುರಾಳಿ ಪಟ್ಟು ಹಾಕುವ ಗೋಜಿಗೇ ಹೋಗಲಿಲ್ಲ, ಮೂಟೆ ಹೊರಳಿಸಿದಂತೆ ಹೊರಳಿಸಿದ. ಆ ರಾತ್ರಿ ನನ್ನ ಮೈಯಿಂದ ಹೋದದ್ದೇನು, ಉಳಿದದ್ದೇನು ಎಂದು ಲೆಕ್ಕ ಇಡುವವರು ಯಾರೂ ಇರಲಿಲ್ಲ. ಕ್ರೀಡಾ ವಿಜ್ಞಾನ ಇಂದು ಮಿಶ್ರ ಸಮರ ಕಲೆಗೆ, ಎಂದರೆ ಎಂಎಂಎಗೆ, ಕೊಡುತ್ತಿರುವುದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಆ ಲೆಕ್ಕವೇ. ಹೊಸ ಹೊಸ ವ್ಯಾಯಾಮಗಳು ಆಮೇಲಿನ ಮಾತು.

ಆಟದ ಸ್ವರೂಪ ನಿಮಗೆ ಗೊತ್ತು: ಗುದ್ದು, ಒದೆ, ಕುಸ್ತಿಯ ಪಟ್ಟು ಎಲ್ಲವೂ ಸಲ್ಲುತ್ತವೆ. 1993ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಯುಎಫ್‌ಸಿ ಎಂಬ ಎಂಎಂಎ ಪಂದ್ಯಾವಳಿ ಶುರುವಾದಾಗ ಬಾಕ್ಸರ್ ಗೆಲ್ಲುತ್ತಾನೋ ನೆಲದ ಮೇಲೆ ಹಿಡಿತ ಹಾಕುವ ಜುಜಿತ್ಸು ಪಟು ಗೆಲ್ಲುತ್ತಾನೋ ಎಂಬ ಕುತೂಹಲವೇ ಮುಖ್ಯವಾಗಿತ್ತು. ಈಗ ಒಬ್ಬನೇ ಎಲ್ಲವನ್ನೂ ಬಲ್ಲವನಾಗಿರಬೇಕು. ಐದು ನಿಮಿಷದ ಮೂರು ಸುತ್ತು, ಪ್ರಶಸ್ತಿ ಪಂದ್ಯವೋ ಆ ದಿನದ ಮುಖ್ಯ ಪಂದ್ಯವೋ ಆದರೆ ಐದು ಸುತ್ತು, ನಡುವೆ ಒಂದೊಂದು ನಿಮಿಷ ಬಿಡುವು.

ತೊಡಕು ಶುರುವಾಗುವುದೇ ಇಲ್ಲಿ. ಓಟಗಾರನಿಗೆ ಒಬ್ಬ ಕೋಚ್. ಎಂಎಂಎ ಪಟುವಿಗೆ ಕುಸ್ತಿಗೊಬ್ಬರು, ಥಾಯ್ಲೆಂಡಿನ ಬಾಕ್ಸಿಂಗ್ ಆದ ಮುವಾಯ್ ಥಾಯ್‌ಗೊಬ್ಬರು, ಜುಜಿತ್ಸುವಿಗೊಬ್ಬರು, ಜಿಮ್ಮಿಗೆ ಮತ್ತೊಬ್ಬರು. ಒಂದೇ ದಿನ ನಾಲ್ಕು ಮನೆಗೆ ನೆಂಟನಾಗಿ ಹೋದವನ ಪಾಡು ಅವನದು. ಪ್ರತಿ ಮನೆಯಲ್ಲೂ ಎಲೆ ತುಂಬ ಬಡಿಸುತ್ತಾರೆ, ಹಿಂದಿನ ಮನೆಯಲ್ಲಿ ಎಷ್ಟು ಉಂಡೆ ಎಂದು ಯಾರೂ ಕೇಳುವುದಿಲ್ಲ. ಹುಡುಗ ಸುಸ್ತಾಗಿ ಬಿದ್ದರೆ ಪ್ರತಿಯೊಬ್ಬ ಕೋಚ್‌ಗೂ ಆ ದಿನದ ಅಭ್ಯಾಸ ಚೆನ್ನಾಯಿತು ಎಂಬ ತೃಪ್ತಿ.

ಇದಕ್ಕೆ ಅಮೆರಿಕದ ಕಾರ್ಲ್ ಫಾಸ್ಟರ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ರೂಪಿಸಿದ ಒಂದು ಉಪಾಯವಿದೆ. ಕಾಸು ಖರ್ಚಿಲ್ಲದ್ದು. ಅಭ್ಯಾಸ ಮುಗಿದು ಅರ್ಧ ಗಂಟೆಯಾದ ಮೇಲೆ ಪಟುವನ್ನು ಒಂದೇ ಪ್ರಶ್ನೆ ಕೇಳಬೇಕು: ಇವತ್ತಿನ ಅಭ್ಯಾಸ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಕಷ್ಟವಾಗಿತ್ತು? ಅವನು ಹೇಳಿದ ಅಂಕೆಯನ್ನು ನಿಮಿಷಗಳಿಂದ ಗುಣಿಸಬೇಕು. ಬೆಳಿಗ್ಗೆ 75 ನಿಮಿಷ ಕುಸ್ತಿ, ಕಷ್ಟ 8 ಎಂದರೆ 600. ಮಧ್ಯಾಹ್ನ 45 ನಿಮಿಷ ಭಾರ ಎತ್ತಿದ್ದು, ಕಷ್ಟ 5, ಎಂದರೆ 225. ಸಂಜೆ ಒಂದು ಗಂಟೆ ಮುವಾಯ್ ಥಾಯ್, ಕಷ್ಟ 7, ಅದು 420. ದಿನದ ಮೊತ್ತ 1245. ಹೀಗೆ ನಾಲ್ಕು ವಾರ ಬರೆದಿಟ್ಟರೆ ಮೈ ಎಲ್ಲಿ ಮುರಿಯಿತು, ಮಂಡಿ ನೋವು ಯಾವ ವಾರದ ಬಡ್ಡಿ ಎಂಬುದು ತಾನಾಗಿ ತಿಳಿಯತೊಡಗುತ್ತದೆ. ಫಾಸ್ಟರ್ ತಂಡ ಇನ್ನೊಂದನ್ನೂ ಕಂಡಿತು. ಕೋಚ್ ‘ಇವತ್ತು ಹಗುರ’ ಎಂದುಕೊಂಡ ದಿನ ಪಟುಗಳು ಅಷ್ಟು ಹಗುರವಾಗಿ ಅಭ್ಯಾಸ ಮಾಡಿರುವುದಿಲ್ಲ. ಈ ಸಭೆಯಲ್ಲಿರುವ ಕೋಚ್‌ಗಳು ಬೇಜಾರು ಮಾಡಿಕೊಳ್ಳಬಾರದು.

ಯುಎಫ್‌ಸಿ 2017ರಲ್ಲಿ ಲಾಸ್ ವೇಗಸ್‌ನಲ್ಲಿ ಪರ್ಫಾರ್ಮೆನ್ಸ್ ಇನ್‌ಸ್ಟಿಟ್ಯೂಟ್ ಎಂಬ ಕೇಂದ್ರ ತೆರೆಯಿತು. ಮುಂದೆ 2019ರಲ್ಲಿ ಶಾಂಘೈನಲ್ಲಿ, 2024ರಲ್ಲಿ ಮೆಕ್ಸಿಕೋ ನಗರದಲ್ಲಿ ಅದರ ಶಾಖೆಗಳು ಬಂದವು. ಇಂಥ ಕೇಂದ್ರಗಳ ಬಲ ಪರೀಕ್ಷೆಯ ಹಲಗೆಯನ್ನು ನೀವು ನೋಡಬೇಕು. ನೆಲಕ್ಕೆ ಹುದುಗಿಸಿದ ಒಂದು ಜೋಡಿ ಹಲಗೆ, ಒಂದೊಂದು ಕಾಲಿಗೆ ಒಂದೊಂದು. ಪಟು ಸೊಂಟದ ಮೇಲೆ ಕೈಯಿಟ್ಟು ಕುಗ್ಗಿ ಮೇಲಕ್ಕೆ ನೆಗೆಯುತ್ತಾನೆ. ಎಷ್ಟು ಎತ್ತರ ನೆಗೆದ ಎನ್ನುವುದು ಅಷ್ಟು ಮುಖ್ಯವಲ್ಲ, ದಣಿದವನೂ ಹಟಕ್ಕೆ ಬಿದ್ದು ಅಷ್ಟೇ ಎತ್ತರ ನೆಗೆಯಬಲ್ಲ. ಆದರೆ ನೆಗೆಯುವ ಮುನ್ನ ಕುಗ್ಗಲು ಎಷ್ಟು ಹೊತ್ತು ತೆಗೆದುಕೊಂಡ, ಇಳಿಯುವಾಗ ಯಾವ ಕಾಲಿನ ಮೇಲೆ ಹೆಚ್ಚು ಭಾರ ಹಾಕಿದ ಎಂಬುದನ್ನು ಹಲಗೆ ಬರೆದುಕೊಳ್ಳುತ್ತದೆ. ಬಾಯಿ ‘ಚೆನ್ನಾಗಿದ್ದೇನೆ’ ಎನ್ನುತ್ತದೆ, ಕಾಲು ಬೇರೆಯದನ್ನು ಹೇಳುತ್ತದೆ. ನಮ್ಮಲ್ಲೂ ತೋರಣಗಲ್ಲಿನ ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೊ ಪಟುಗಳ ತರಬೇತಿಯ ಜೊತೆಗೇ ಕ್ರೀಡಾ ವಿಜ್ಞಾನದ ವಿಭಾಗವಿದೆ. ಮೂರು ದಿನಕ್ಕೊಂದು ಬಣ್ಣದ ನಕ್ಷೆ ತೋರಿಸುವ ಕೈಗಡಿಯಾರಗಳ ಬಗ್ಗೆ ಮಾತ್ರ ನನಗೆ ಅಷ್ಟೇನೂ ಭಕ್ತಿ ಇಲ್ಲ. ರಾತ್ರಿ ಎಷ್ಟು ನಿದ್ದೆ ಮಾಡಿದೆ ಎಂದು ಹುಡುಗನನ್ನೇ ಕೇಳಬಹುದಲ್ಲ.

ದಮ್ಮಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಹಿಂದೆ ಬೆಳಗಿನ ಜಾವದ ಹತ್ತು ಕಿಲೋಮೀಟರ್ ಓಟವೇ ಸರ್ವರೋಗಕ್ಕೂ ಮದ್ದು. ಆಮೇಲೆ ಎಲ್ಲರೂ ಟಬಾಟಾ, ಟಬಾಟಾ ಎಂದರು. ಜಪಾನಿನ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡು ಸೈಕಲ್ ತುಳಿತ, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ತುಳಿತದ ತೀವ್ರತೆ ಆಮ್ಲಜನಕ ಬಳಕೆಯ ಗರಿಷ್ಠ ಮಿತಿಯ ಶೇಕಡ 170. ಅದನ್ನು ಮಾಡಿದವನು ಸೈಕಲ್ಲಿನಿಂದ ಇಳಿದು ನಗುತ್ತಾ ಸೆಲ್ಫಿ ತೆಗೆಯಲಾರ. ನಮ್ಮ ಜಿಮ್ಮುಗಳಲ್ಲಿ ಆ ಹೆಸರಿನಲ್ಲಿ ನಡೆಯುವ ಬಸ್ಕಿಗಳಿಗೂ ಅದಕ್ಕೂ ಸಂಬಂಧವಿಲ್ಲ. ಈಗಿನ ತಿಳಿವಳಿಕೆಯಲ್ಲಿ ಎರಡಕ್ಕೂ ಜಾಗವಿದೆ. ಎದುರಾಳಿಯನ್ನು ಎತ್ತಿ ಕೆಡವುವ ಸ್ಫೋಟಕ್ಕೆ ಸ್ನಾಯುವಿನಲ್ಲಿ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಎಂಬ ಇಂಧನ ಬೇಕು, ಅದು ಹತ್ತು ಸೆಕೆಂಡಿನಷ್ಟರಲ್ಲಿ ಬರಿದಾಗುತ್ತದೆ. ಮತ್ತೆ ತುಂಬಿಸುವುದು ಆಮ್ಲಜನಕದ ಕೆಲಸ. ಹಾಗಾಗಿ ನಿಧಾನದ ಓಟದಲ್ಲಿ ಗಳಿಸಿದ್ದು ಆ ಒಂದು ನಿಮಿಷದ ಬಿಡುವಿನಲ್ಲಿ, ಸ್ಟೂಲಿನ ಮೇಲೆ ಕುಳಿತಾಗ, ಫಲ ಕೊಡುತ್ತದೆ.

ಇನ್ನು ತಲೆಯ ಮಾತು. ಸ್ಪಾರಿಂಗ್ ಎಂದರೆ ಜಿಮ್ಮಿನಲ್ಲಿ ನಿಜವಾಗಿಯೇ ಹೊಡೆದಾಡುವುದು. ವಾರಕ್ಕೆ ಮೂರು ದಿನ ಜೋರಾಗಿ ಹೊಡೆದಾಡದಿದ್ದರೆ ಗಂಡಸೇ ಅಲ್ಲ ಎನ್ನುವ ಕಾಲವೊಂದಿತ್ತು. ಲಾಸ್ ವೇಗಸ್‌ನಲ್ಲಿರುವ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಮೆದುಳು ಕೇಂದ್ರ 2011ರಿಂದ ವೃತ್ತಿಪರ ಬಾಕ್ಸರ್‌ಗಳನ್ನೂ ಎಂಎಂಎ ಪಟುಗಳನ್ನೂ ವರ್ಷ ವರ್ಷವೂ ಪರೀಕ್ಷಿಸುತ್ತಾ ಬಂದಿದೆ. ಹೆಚ್ಚು ಕಾಲ ಹೊಡೆದಾಡಿದವರ ಮೆದುಳಿನ ಥಲಾಮಸ್, ಕಾಡೇಟ್ ಭಾಗಗಳ ಗಾತ್ರ ಕಡಿಮೆ ಇರುವುದು, ಯೋಚನೆಯ ವೇಗ ತಗ್ಗಿರುವುದು ಅಲ್ಲಿ ಕಂಡುಬಂದಿದೆ. ತಲೆಗವಚ ಇದೆಯಲ್ಲ ಎನ್ನುತ್ತೀರಿ. ತಲೆಗವಚ ಚರ್ಮ ಸೀಳದಂತೆ ತಡೆಯುತ್ತದೆ, ಒಳಗೆ ಮೆದುಳು ಕುಲುಕುವುದನ್ನು ತಡೆಯುವುದಿಲ್ಲ. ಮಡಕೆಗೆ ಬಟ್ಟೆ ಸುತ್ತಿ ಅಲ್ಲಾಡಿಸಿದರೆ ಒಳಗಿನ ಮಜ್ಜಿಗೆ ಕುಲುಕದೆ ಇರುತ್ತದೆಯೇ?

ಹವಾಯಿಯ ಎಂಎಂಎ ಪಟು ಮ್ಯಾಕ್ಸ್ ಹಾಲೊವೇ ಸ್ಪಾರಿಂಗ್ ಇಲ್ಲದೆಯೇ ಪಂದ್ಯಗಳಿಗೆ ಸಿದ್ಧನಾಗುತ್ತೇನೆ ಎಂದು ಬಹಿರಂಗವಾಗಿ ಹೇಳಿದಾಗ ನಕ್ಕವರಿದ್ದರು. 2021ರ ಜನವರಿಯಲ್ಲಿ ಅವರು ಕ್ಯಾಲ್ವಿನ್ ಕೇಟರ್ ವಿರುದ್ಧ ಐದು ಸುತ್ತುಗಳಲ್ಲಿ 445 ಪರಿಣಾಮಕಾರಿ ಹೊಡೆತಗಳನ್ನು ದಾಖಲಿಸಿದರು. ಒಬ್ಬರ ಉದಾಹರಣೆಯಿಂದ ಏನನ್ನೂ ಸಾಧಿಸಿ ತೋರಿಸಲಾಗುವುದಿಲ್ಲ, ನನಗೆ ಗೊತ್ತು. ಅವರು ಅದಕ್ಕೆ ಮೊದಲೇ ಹತ್ತಾರು ಪಂದ್ಯ ಆಡಿದ ಅನುಭವಿ. ನಿನ್ನೆ ಸೇರಿದ ಹುಡುಗ ಸ್ಪಾರಿಂಗ್ ಬಿಡುತ್ತೇನೆ ಎಂದರೆ ಈಜು ಕಲಿಯಲು ಕೆರೆಗೇ ಇಳಿಯುವುದಿಲ್ಲ ಎಂದಂತೆ. ಆದರೆ ಜೋರಿನ ಹೊಡೆದಾಟವನ್ನು ಎಣಿಸಿ, ಅಳೆದು ಕೊಡುವ ಪದ್ಧತಿ ಈಗ ಹಲವು ಒಳ್ಳೆಯ ಜಿಮ್ಮುಗಳಲ್ಲಿ ಬಂದಿದೆ.

ಕೊನೆಗೆ ನನ್ನ ಹಳೆಯ ಗಾಯಕ್ಕೆ ಬರುತ್ತೇನೆ: ತೂಕ.

1997ರ ಕೊನೆಯಲ್ಲಿ ಅಮೆರಿಕದ ಮೂವರು ಕಾಲೇಜು ಕುಸ್ತಿಪಟುಗಳು ತೂಕ ಇಳಿಸುತ್ತಲೇ ತೀರಿಕೊಂಡರು, ಮೂವರೂ ಸುಮಾರು ಒಂದು ತಿಂಗಳ ಅವಧಿಯಲ್ಲಿ. ಬಿಸಿ ಕೋಣೆ, ರಬ್ಬರ್ ಉಡುಪು, ನೀರಿಲ್ಲ, ಊಟವಿಲ್ಲ. ನನ್ನ ಪ್ಲಾಸ್ಟಿಕ್ ಕೋಟೇ, ಇನ್ನೂ ನಾಲ್ಕು ಹೆಜ್ಜೆ ಮುಂದೆ. ಮರುವರ್ಷವೇ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಅವನ್ನೆಲ್ಲ ನಿಷೇಧಿಸಿ, ಪ್ರತಿಯೊಬ್ಬನಿಗೂ ಕನಿಷ್ಠ ತೂಕ ನಿಗದಿಮಾಡಿತು. ಎಂಎಂಎ ಲೋಕ ಆ ಪಾಠ ಕಲಿಯಲಿಲ್ಲ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಒನ್ ಚಾಂಪಿಯನ್‌ಶಿಪ್ ಎಂಬ ಎಂಎಂಎ ಸಂಸ್ಥೆಯ ಪಂದ್ಯಕ್ಕೆ ಬಂದಿದ್ದ ಚೀನಾದ ಯಾಂಗ್ ಜಿಯಾನ್ ಬಿಂಗ್, ವಯಸ್ಸು 21, ತೂಕ ಇಳಿಸುವಾಗ ಕುಸಿದು ಮರುದಿನ ತೀರಿಕೊಂಡರು. ಆ ಸಂಸ್ಥೆ ಅಲ್ಲಿಂದಾಚೆಗೆ ತೂಕದ ಜೊತೆ ಮೂತ್ರದ ಸಾಂದ್ರತೆಯನ್ನೂ ಪರೀಕ್ಷಿಸತೊಡಗಿತು. ಅದು 1.025ಕ್ಕಿಂತ ಹೆಚ್ಚಿದ್ದರೆ ಮೈಯಲ್ಲಿ ನೀರು ಸಾಲದು ಎಂದು ಅರ್ಥ, ತೂಕ ಸರಿಯಿದ್ದರೂ ಆಡುವಂತಿಲ್ಲ.

ವಿಜ್ಞಾನದ ಬಗ್ಗೆ ನನಗಿರುವ ತಕರಾರು ಇರುವುದೂ ಇಲ್ಲಿಯೇ. ಉಂಡ ಪಿಷ್ಟವನ್ನು ಮೈ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ, ಒಂದು ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಅನ್ನ, ಚಪಾತಿ ಬಿಟ್ಟರೆ ಕೆಲವೇ ದಿನಗಳಲ್ಲಿ ಕಿಲೋಗಟ್ಟಲೆ ಇಳಿಯುತ್ತದೆ. ನಾರಿನಂಶ ಕಡಿಮೆ ಮಾಡಿದರೆ ಕರುಳು ಖಾಲಿಯಾಗುತ್ತದೆ. ಮೂರು ದಿನ ಪ್ರತಿ ಕಿಲೋ ತೂಕಕ್ಕೆ 100 ಮಿಲಿಲೀಟರ್‌ನಂತೆ, ಎಂದರೆ 70 ಕಿಲೋದವನು ದಿನಕ್ಕೆ ಏಳು ಲೀಟರ್, ನೀರು ಕುಡಿದು ಥಟ್ಟನೆ ನಿಲ್ಲಿಸಿದರೆ ಮೂತ್ರಪಿಂಡ ಹಳೆಯ ವೇಗದಲ್ಲೇ ನೀರು ಹೊರಹಾಕುತ್ತಿರುತ್ತದೆ. ಇವೆಲ್ಲ ಪರೀಕ್ಷಿಸಿ ನೋಡಿದ ಸಂಗತಿಗಳು. ಬೇರೆ ಬೇರೆ ಪಟುಗಳ ಬೆವರನ್ನು ಕಾಪಾಡಲು ಬಂದ ಜ್ಞಾನವೇ ಬೆವರನ್ನು ಇನ್ನಷ್ಟು ಜಾಣತನದಿಂದ ಹಿಂಡಲೂ ಬಳಕೆಯಾಗುತ್ತಿದೆ. ಕಾವಲುಗಾರನೂ ಕಳ್ಳನೂ ಒಂದೇ ಅಂಗಡಿಯಲ್ಲಿ ಟಾರ್ಚು ಕೊಳ್ಳುತ್ತಿದ್ದಾರೆ. ಆ ನೀರಿನ ಉಪಾಯವನ್ನು ಮೊಬೈಲಿನಲ್ಲಿ ನೋಡಿ ಮನೆಯಲ್ಲಿ ಮಾಡಬೇಡಿ, ರಕ್ತದಲ್ಲಿ ಸೋಡಿಯಂ ಕುಸಿದರೆ ಪ್ರಾಣಕ್ಕೇ ಸಂಚಕಾರ.

ತೂಕಕ್ಕೂ ಪಂದ್ಯಕ್ಕೂ ನಡುವೆ ಎಷ್ಟು ಹೊತ್ತು ಇದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಯುಎಫ್‌ಸಿಯಲ್ಲಿ ಹಿಂದಿನ ದಿನ ಬೆಳಿಗ್ಗೆ ತೂಗುತ್ತಾರೆ, ಮತ್ತೆ ಕುಡಿದು ಉಂಡು ಚೇತರಿಸಿಕೊಳ್ಳಲು ಒಂದು ದಿನಕ್ಕಿಂತ ಹೆಚ್ಚು ಸಮಯವಿದೆ. ಹಾಗಾಗಿಯೇ ಹಿಂಡುವ ಆಸೆಯೂ ಹೆಚ್ಚು. ಒಲಿಂಪಿಕ್ ಕುಸ್ತಿಯಲ್ಲಿ ಪಂದ್ಯದ ದಿನ ಬೆಳಿಗ್ಗೆಯೇ ತೂಕ, ಫೈನಲ್ ತಲುಪಿದರೆ ಮರುದಿನ ಬೆಳಿಗ್ಗೆ ಮತ್ತೊಮ್ಮೆ. ಪ್ಯಾರಿಸ್‌ನಲ್ಲಿ 2024ರ ಆಗಸ್ಟ್ 6ರಂದು ವಿನೇಶ್ ಫೋಗಟ್ ಅದುವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸೋಲನ್ನೇ ಕಾಣದಿದ್ದ ಜಪಾನಿನ ಯುಯಿ ಸುಸಾಕಿ ಅವರನ್ನು ಮಣಿಸಿದರು. ಮರುದಿನ ಬೆಳಿಗ್ಗೆ 50 ಕಿಲೋಗಿಂತ 100 ಗ್ರಾಂ ಹೆಚ್ಚು. ರಾತ್ರಿಯೆಲ್ಲ ಬೆವರಿಳಿಸಿ, ಕೂದಲು ಕತ್ತರಿಸಿಯೂ ಆಗಲಿಲ್ಲ. ಒಂದು ಲೋಟ ನೀರಿಗಿಂತ ಕಡಿಮೆ ತೂಕ ಅದು. ಇಲ್ಲಿ ಮೈಸೂರಿನ ದಸರಾ ಕುಸ್ತಿಗೆ ಹಿರಿಯರು ಪೈಲ್ವಾನರನ್ನು ಎದುರುಬದುರು ನಿಲ್ಲಿಸಿ ಕಣ್ಣಳತೆಯಲ್ಲೇ ಜೋಡಿ ಕಟ್ಟುತ್ತಿದ್ದರು. ಅದರಲ್ಲಿ ತಪ್ಪುಗಳಾಗುತ್ತಿದ್ದವು, ಜಗಳಗಳಾಗುತ್ತಿದ್ದವು. ಆದರೆ ಅದಕ್ಕಾಗಿ ಯಾರೂ ರಾತ್ರಿಯಿಡೀ ಉಗುಳಬೇಕಿರಲಿಲ್ಲ.

ಹುಡುಗಿಯರ ವಿಷಯ ಹೇಳದೆ ಮುಗಿಸಿದರೆ ತಪ್ಪಾಗುತ್ತದೆ. 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದರು, 52 ಕಿಲೋ ವರ್ಗದಲ್ಲಿ. ಅವರನ್ನು ನೋಡಿ ನಮ್ಮ ಹುಡುಗಿಯರೂ ಕೈಗವಸು ತೊಡುತ್ತಿದ್ದಾರೆ, ಸಂತೋಷ. ಆದರೆ ತಿಂಗಳ ಮುಟ್ಟು ನಿಂತುಹೋದರೆ ‘ಅಭ್ಯಾಸ ಜೋರಾಗಿದೆ’ ಎಂದು ಬೀಗುವ ತರಬೇತುದಾರರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಾಡುವ ಕೆಲಸಕ್ಕೆ ತಕ್ಕ ಊಟ ಸಿಗುತ್ತಿಲ್ಲ ಎಂದು ಮೈ ಕೊಡುವ ಸೂಚನೆ ಅದು. ಮೂಳೆಯೂ ಜೊತೆಗೇ ಸವೆಯತೊಡಗುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲೇ ಈ ಸ್ಥಿತಿಗೆ ಹೆಸರು ಕೊಟ್ಟು ಎಚ್ಚರಿಸಿದೆ, ಇದು ಹುಡುಗರನ್ನೂ ಬಿಡುವುದಿಲ್ಲ ಎಂದೂ ಹೇಳಿದೆ. ಕೇಳಲು ಸಂಕೋಚವೆನಿಸಿದರೆ ಕೇಳಬಲ್ಲ ಒಬ್ಬ ಹೆಂಗಸನ್ನು ತಂಡದಲ್ಲಿ ಇಟ್ಟುಕೊಳ್ಳಿ.

ಇಂದು ಬೆಳಿಗ್ಗೆ ನಿಮ್ಮಲ್ಲೇ ಒಬ್ಬನನ್ನು ಅಭ್ಯಾಸಕ್ಕೆ ಮೊದಲು ತೂಗಿದೆವು: 68.4 ಕಿಲೋ. ತೊಂಬತ್ತು ನಿಮಿಷ ಆಡಿದ, ನಡುವೆ ಅರ್ಧ ಲೀಟರ್ ನೀರು ಕುಡಿದ. ಮೈ ಒರೆಸಿ ಮತ್ತೆ ತೂಗಿದಾಗ 67.1. ಇಳಿದದ್ದು 1.3, ಕುಡಿದ ಅರ್ಧ ಲೀಟರ್ ಸೇರಿಸಿದರೆ ಬೆವರು 1.8 ಲೀಟರ್. ಒಂದು ತೂಕದ ಯಂತ್ರ, ಒಂದು ನೋಟುಪುಸ್ತಕ, ಬೇರೇನೂ ಬೇಕಾಗಲಿಲ್ಲ. ಆಮೇಲೆ ಅವನ ಕೈಗೆ ಒಂದು ದೊಡ್ಡ ಬಾಟಲಿ ಉಪ್ಪು, ಸಕ್ಕರೆ ಬೆರೆಸಿದ ನಿಂಬೆ ಪಾನಕ ಕೊಟ್ಟು, ಸಭೆಯೊಳಗೆ ಮುಗಿಸಿರು ಎಂದಿದ್ದೆ. ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ, ಬಾಟಲಿ ಇನ್ನೂ ಅರ್ಧ ತುಂಬಿಯೇ ಇದೆ. ಅವನು ಅದನ್ನು ಕುಡಿಯಲಿ, ಅಷ್ಟರಲ್ಲಿ ಹಿಂದಿನ ಸಾಲಿನ ಪೈಲ್ವಾನರು ಮೊದಲ ಪ್ರಶ್ನೆ ಕೇಳಲಿ.