ಗಾಳಿ ನಿಂತ ಮೇಲೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕೊಪ್ಪಳದ ಕಡೆ ಶರದೃತು ಬಂತೆಂದು ನನಗೆ ಗೊತ್ತಾಗುವುದು ಫ್ಯಾನಿನಿಂದ. ಮನೆಯ ಫ್ಯಾನಲ್ಲ; ಯಲಬುರ್ಗಾ, ಕುಕನೂರಿನ ಹೊಲಗಳ ನಡುವೆ ನಿಂತು ಕರೆಂಟು ತಯಾರಿಸುತ್ತವಲ್ಲ, ಆ ದೊಡ್ಡ ಗಾಳಿ ಫ್ಯಾನುಗಳು. ಆಷಾಢ, ಶ್ರಾವಣದಲ್ಲಿ ಅವಕ್ಕೆ ಪುರುಸೊತ್ತೇ ಇರುವುದಿಲ್ಲ. ಪಡುವಣದ ಗಾಳಿಗೆ ಅಂಗಳದಲ್ಲಿ ಒಣಹಾಕಿದ ಸೀರೆ ಪಕ್ಕದ ಮನೆಯ ಮಾಳಿಗೆ ಹತ್ತಿರುತ್ತದೆ. ರೊಟ್ಟಿಯಲ್ಲಿ ಮಣ್ಣು, ಕಣ್ಣಲ್ಲಿ ಮಣ್ಣು. ಮೋಡ ಬರುತ್ತವೆ, ಮೇಲಿಂದಲೇ ನಮ್ಮನ್ನೊಮ್ಮೆ ನೋಡಿ ಮುಂದಿನೂರಿಗೆ ಹೋಗುತ್ತವೆ. ಮಾನವಮಿ ಅಮವಾಸ್ಯೆ ಹತ್ತಿರ ಬಂದಾಗ, ಒಂದು ದಿನ ಬಸ್ಸಿನ ಕಿಟಕಿಯಿಂದ ನೋಡಿದರೆ, ಒಂದು ಫ್ಯಾನು ಸುಮ್ಮನೆ ನಿಂತಿರುತ್ತದೆ. ಅದರ ಹಿಂದೆ ಆಕಾಶ ತೊಳೆದಿಟ್ಟ ಹಾಗೆ. ಅವತ್ತು ಸಂಜೆ ಮನೆಗೆ ಹೋದವಳೇ ನಾನು ಹಿತ್ತಲ ಬಾಗಿಲು ತೆರೆದಿಡುತ್ತೇನೆ.

ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು ನಾನು. ಒಂದು ಸಲ ಋತುಗಳ ಪಾಠಕ್ಕೆ ಗೋಡೆಗೊಂದು ಚಿತ್ರ ತೂಗುಹಾಕಿದ್ದೆ. ಶರತ್ಕಾಲ ಎಂದು ಬರೆದ ಕಡೆ ಕೆಂಪು ಎಲೆ ಉದುರಿಸುತ್ತಿರುವ ಗಿಡ. ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಟೀಚರ್ರೀ, ನಮ್ಮ ಬೇವಿನ ಗಿಡ ಯಾಕ ಉದುರಸವಲ್ದು?" ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ಬೇವು ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸು. ಆಶ್ವೀಜದಲ್ಲಿ ನಮ್ಮಲ್ಲಿ ಬೀಳುವುದು ಎಲೆಯಲ್ಲ, ಬೀಜ. ಎರಿ ಭೂಮಿಯವರಿಗೆ, ಅಂದರೆ ಕಪ್ಪು ಮಣ್ಣಿನ ಹೊಲದವರಿಗೆ, ಹಿಂಗಾರಿ ಬಿತ್ತನೆಯ ಕಾಲ ಅದು. ಚಿತ್ರ ಇಳಿಸಿ ಸುತ್ತಿಟ್ಟೆ. ಆಮೇಲೆ ಅದನ್ನು ಇಲಿ ತಿಂದವು, ಪಾಪ.

ನನ್ನ ತವರು ಯಲಬುರ್ಗಾ ಸೀಮೆಯ ಎರಿ ನೆಲ. ಎರಿಯ ಗುಣ ಎರಿಯವರಿಗೇ ಗೊತ್ತು. ಬೇಸಿಗೆಯಲ್ಲಿ ಮೊಣಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಂದರೆ ಕಾಲು ಕಿತ್ತು ಇಡಲು ಬಿಡುವುದಿಲ್ಲ, ಚಪ್ಪಲಿಯನ್ನಂತೂ ವಾಪಸು ಕೊಡುವುದೇ ಇಲ್ಲ. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲ ಉತ್ತರಿ, ಹಸ್ತ ಮಳೆಯನ್ನೆಲ್ಲ ಕುಡಿದು ಹಸಿಯನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆ ಆ ಕೂಡಿಟ್ಟ ಹಸಿಯ ಮೇಲೆ, ಬೆಳಗಿನ ಇಬ್ಬನಿಯ ಮೇಲೆ ಬೆಳೆದು ನಿಲ್ಲುತ್ತವೆ. ಮೇಲೆ ಒಂದು ಹನಿ ಇಲ್ಲದೆಯೂ ಕಾಳು ಕಟ್ಟಿದ ಜೋಳವನ್ನು ನಾನು ಕಂಡಿದ್ದೇನೆ.

ಅಪ್ಪ ಹದ ನೋಡುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೇಲಿನ ಒಣಮಣ್ಣು ಕೈಯಿಂದ ಸರಿಸಿ ಕೆಳಗಿನದೊಂದು ಹಿಡಿ ತೆಗೆದು ಮುಷ್ಟಿ ಬಿಗಿಯುತ್ತಿದ್ದ. ಉಂಡೆ ಕಟ್ಟಬೇಕು, ಆದರೆ ಅಂಗೈಗೆ ಮೆತ್ತಬಾರದು. ಆ ಉಂಡೆಯನ್ನು ಸೊಂಟದ ಎತ್ತರದಿಂದ ಬಿಡುವುದು. ಒಡೆದು ಪುಡಿಯಾದರೆ ಕೂರಿಗೆ ಹೂಡು. ಹಾಗೇ ಕೂತರೆ ಇನ್ನೆರಡು ದಿನ ತಡೆ. ನನಗೂ ಒಂದು ಉಂಡೆ ಕೊಡುತ್ತಿದ್ದ. ನಾನು ಬಿಟ್ಟದ್ದು ಪ್ರತಿ ಸಲ ನನ್ನ ಕಾಲಿನ ಮೇಲೇ ಬೀಳುತ್ತಿತ್ತು.

ಅದೇ ಅಪ್ಪ ಒಂದು ಬದುವಿನ ಸಲುವಾಗಿ ದೊಡ್ಡಪ್ಪನ ಜೊತೆ ಮಾತು ಬಿಟ್ಟಿದ್ದ. ಎರಡು ಮೊಳ ಮಣ್ಣು, ಮೂರು ವರ್ಷ ಮೌನ. ನಾಲ್ಕನೆಯ ವರ್ಷ ಬನ್ನಿಯ ದಿನ ದೀಪ ಹಚ್ಚುವ ಹೊತ್ತಿಗೆ ದೊಡ್ಡಪ್ಪ ನಮ್ಮ ಕಟ್ಟೆಯ ಮುಂದೆ ಬಂದು ನಿಂತ. ಕೈಯಲ್ಲಿ ಬನ್ನಿ ಎಲೆ. ಹಿರಿಯನಾದವನು ತಾನೇ ಬಂದುಬಿಟ್ಟಿದ್ದ. ಅಪ್ಪ ಕೆಳಗಿಳಿದು ಕಾಲು ಮುಟ್ಟಿದ. "ಬನ್ನಿ ತಗೊಂಡು ಬಂಗಾರದಂಗ ಇರೂಣು" ಎಂದು ಇಬ್ಬರೂ ಅಂದರು, ಎಲ್ಲರೂ ಅನ್ನುವ ಹಾಗೇ. ಬದುವಿನ ಸುದ್ದಿ ಯಾರೂ ಎತ್ತಲಿಲ್ಲ. ದೊಡ್ಡಪ್ಪ ಕೇಳಿದ್ದು ಒಂದೇ: "ಏನ್ ತಮ್ಮಾ, ಹದ ಹೆಂಗೈತಿ?" ಅವ್ವ ಒಳಗೆ ಚಹಾಕ್ಕಿಟ್ಟಳು. ಹೊಳೆಯಾಚೆ ಹಂಪಿಯಲ್ಲಿ ಕೃಷ್ಣದೇವರಾಯ ನಡೆಸಿದ ಮಹಾನವಮಿಯನ್ನು ಪೋರ್ಚುಗೀಸಿನ ಡೊಮಿಂಗೊ ಪಾಯೆಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ, ಆನೆ, ಕುದುರೆ, ಕುಸ್ತಿ ಎಲ್ಲ. ಇರಲಿ. ನಮ್ಮ ಕಟ್ಟೆಯ ಮೇಲಿನ ಆ ಬನ್ನಿಯನ್ನು ಅವನು ನೋಡಬೇಕಿತ್ತು.

ಹಿಂದಿನ ಒಂಬತ್ತು ರಾತ್ರಿಯೂ ಊರು ಮನೆಯೊಳಗೆ ಇರುತ್ತಿರಲಿಲ್ಲ. ಗುಡಿಯಲ್ಲಿ ಚಿದಾನಂದಾವಧೂತರ ದೇವಿ ಪುರಾಣ. ನಮ್ಮ ಸಿಂಧನೂರು ಸೀಮೆಯ ಅಂಬಾಮಠದ ಅವಧೂತರು. ಅವರ ಹದಿನೆಂಟು ಅಧ್ಯಾಯ ಓದಿಸದ ಊರು ಈ ಭಾಗದಲ್ಲಿ ಕಡಿಮೆ. ಓದುವವರು ಒಬ್ಬರು, ಅರ್ಥ ಹೇಳುವವರು ಇನ್ನೊಬ್ಬರು, ನಿದ್ದೆ ಮಾಡುವವರು ನಾವು. ಅವ್ವನ ಸೆರಗು ಹೊದ್ದು ಮಲಗಿದರೆ ಮೊದಲ ಸಲ ಒಂದಿಷ್ಟು ಚಳಿ ಅನ್ನಿಸುತ್ತಿತ್ತಲ್ಲ, ಆ ಚಳಿಗೆ ಕಾಯುತ್ತ ವರ್ಷವೆಲ್ಲ ಕಳೆಯುವ ಜನ ನಾವು.

ಈ ಋತುವಿಗೆ ಮುನಿಸಿಲ್ಲ ಎಂದಲ್ಲ. 2009ರ ಸೆಪ್ಟೆಂಬರ್ ಮುಗಿದು ಅಕ್ಟೋಬರ್ ಹುಟ್ಟುವಾಗ ಸುರಿದ ಮಳೆ ನೆನಪಿದೆಯಲ್ಲ? ಮಂತ್ರಾಲಯಕ್ಕೇ ನೀರು ಹೊಕ್ಕಿತ್ತು. ನಮ್ಮ ತವರಿನ ಹಿಂದಿನ ಮಣ್ಣಿನ ಗೋಡೆ ನಡುರಾತ್ರಿ ಕುಸಿದು ಕೂತಿತು. ಅವ್ವ ಮುಂಜಾನೆ ಆ ಕಿಂಡಿಯಿಂದ ಹೊಲ ನೋಡುತ್ತ, "ಗ್ವಾಡಿ ಹ್ವಾದ್ರ ಹೋಗ್ಲಿ, ಹಸಿ ಆತು" ಎಂದಳು. ಆ ಮಾತಿಗೆ ಅಳಬೇಕೋ ನಗಬೇಕೋ ನನಗೆ ಇನ್ನೂ ತಿಳಿದಿಲ್ಲ.

ಇನ್ನು ತಿನ್ನುವ ವಿಷಯ. ಕಲ್ಲುಗುಡ್ಡದ ಸೀಮೆಗೆ ಶರದೃತು ಕೊಡುವ ಹಣ್ಣು ಸೀತಾಫಲ. ಕೊಪ್ಪಳದಲ್ಲಿ ಅಶೋಕನ ಶಾಸನವಿರುವ ಪಾಲ್ಕಿಗುಂಡಿಗೆ ಈ ದಿನಗಳಲ್ಲಿ ಸಂಜೆ ಹತ್ತಿ ನೋಡಿ. ಬಂಡೆ ಇನ್ನೂ ಬೆಚ್ಚಗಿರುತ್ತದೆ, ಗಾಳಿ ಆಗಲೇ ತಣ್ಣಗಾಗಿರುತ್ತದೆ. ಬೇಸಿಗೆಯಲ್ಲಿ ಅದೇ ಬಂಡೆ ರೊಟ್ಟಿ ಹಂಚು. ಇಂಥ ಗುಡ್ಡಗಳ ಸಂದಿಯಲ್ಲಿ ಯಾರೂ ನೀರು ಹಾಕದೆ ಬೆಳೆದ ಹಣ್ಣನ್ನು ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಹೊತ್ತು ಬಸ್‌ಸ್ಟ್ಯಾಂಡಿಗೆ ತರುತ್ತಾರೆ. ಹಣ್ಣಿನ ಮೈಮೇಲಿನ ಗೀರುಗಳು ಅಗಲವಾಗಿ ಬಿಳುಪಾದರೆ ಅದು ಕಣ್ಣು ಬಿಟ್ಟಿದೆ ಎಂದು ಲೆಕ್ಕ. ಕಣ್ಣು ಬಿಟ್ಟದ್ದನ್ನು ತಂದು ಜೋಳದ ಚೀಲದಲ್ಲಿ ಹುಗಿದರೆ ಎರಡು ಮೂರು ದಿನಕ್ಕೆ ಮೆತ್ತಗಾಗುತ್ತದೆ. ಮುಚ್ಚಿದ ಕಣ್ಣಿನದು ಕಲ್ಲಾಗಿಯೇ ಉಳಿದು ಕಪ್ಪಾಗುತ್ತದೆ. ಅವಸರದವರಿಗೆ ಇದು ಹಣ್ಣಲ್ಲ. ಬೀಜ ಉಗುಳಲು ಒಂದು ಕಟ್ಟೆ, ಜೊತೆಗೆ ಹರಟೆಗೆ ಒಬ್ಬರು ಬೇಕು. ಫ್ರಿಜ್ಜಿನಲ್ಲಿಟ್ಟು ಚಮಚದಲ್ಲಿ ತಿನ್ನುವವರನ್ನು ಕಂಡಿದ್ದೇನೆ. ಅವರ ಬಗ್ಗೆ ನಾನೇನೂ ಹೇಳುವುದಿಲ್ಲ.

ದೀಪಾವಳಿ ದಾಟಿ ಗೌರಿ ಹುಣ್ಣಿಮೆ ಬಂದರೆ ಸಕ್ಕರೆ ಆರತಿ. ನೀರಲ್ಲಿ ನೆನೆಸಿದ ಕಟ್ಟಿಗೆಯ ಅಚ್ಚುಗಳನ್ನು ಜೋಡಿಸಿ, ಹಗ್ಗದಿಂದ ಬಿಗಿದು, ಕುದಿವ ಸಕ್ಕರೆ ಪಾಕ ಹೊಯ್ಯುತ್ತಾರೆ. ಬಿಚ್ಚಿದರೆ ಆನೆ, ಒಂಟೆ, ತೇರು, ಕಮಲ. ಮದುವೆ ಗೊತ್ತಾದ ಹುಡುಗಿಗೆ ಗಂಡಿನ ಮನೆಯಿಂದ ಸೀರೆಯ ಜೊತೆ ಇವು ಬರುತ್ತವೆ. ಗೌರಿಗೆ ಬೆಳಗುವ ಮುನ್ನವೇ ನಾನು ಒಂದು ವರ್ಷ ಒಂಟೆಯ ಹಿಂಗಾಲು ಮುರಿದು ಬಾಯಿಗೆ ಹಾಕಿಕೊಂಡಿದ್ದೆ. ಅವ್ವ ಉಳಿದ ಮೂರು ಕಾಲಿನ ಒಂಟೆಯನ್ನು ಆನೆಗೆ ಒರಗಿಸಿ ನಿಲ್ಲಿಸಿ, ಆರತಿ ತಟ್ಟೆ ನನ್ನ ಕೈಗೇ ಕೊಟ್ಟಳು. ದಾರಿಯುದ್ದಕ್ಕೂ ಆ ಒಂಟೆ ಎಲ್ಲಿ ಬೀಳುತ್ತದೋ ಎಂದು ನೋಡುತ್ತ ಹೋದವಳಿಗೆ ಗೌರಿಯ ಮುಖ ಹೇಗಿತ್ತೆಂಬುದು ನೆನಪಿಲ್ಲ.

ಆದರೆ ಅದಕ್ಕೆ ಇನ್ನೂ ಒಂದು ತಿಂಗಳಿದೆ. ಈಗ ಬರುವುದು ಸೀಗಿ ಹುಣ್ಣಿಮೆ. ಭೂಮಿತಾಯಿ ಬಸುರಿ, ಆಕೆಗೆ ಬಯಕೆ ಊಟ. ಹೊಲದಲ್ಲಿ ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಬಳಿದು ಪೂಜೆ. ಹೋಳಿಗೆ, ಕಡುಬು, ಸಜ್ಜಿ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಗುರೆಳ್ಳು ಹಿಂಡಿ. ಎಲ್ಲದರಲ್ಲೂ ಒಂದೊಂದು ತುತ್ತು ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮುಂದಿನವನು "ಹುಲ್ಲಲ್ಲಿಗೋ" ಎಂದರೆ ನೀರು ಚಿಮುಕಿಸುತ್ತ ಹಿಂದೆ ಬರುವವನು "ಚಳ್ಳಾಂಬರಿಗೋ" ಎನ್ನುತ್ತಾನೆ. ಪಕ್ಕದೂರಲ್ಲಿ ಇದನ್ನೇ ಬೇರೆ ಥರ ಕೂಗುತ್ತಾರೆ. ಅರ್ಥ ಕೇಳಿದ್ದಕ್ಕೆ ದೊಡ್ಡಪ್ಪ ಒಮ್ಮೆ ಹೇಳಿದ್ದ: "ಅದು ಹೊಲಕ್ಕ ತಿಳಿತೈತಿ, ನಿನಗ್ಯಾಕ?"

ಅಪ್ಪ, ದೊಡ್ಡಪ್ಪ ಇಬ್ಬರೂ ಈಗಿಲ್ಲ. ಚರಗ ಚೆಲ್ಲುವುದು ನನ್ನ ತಮ್ಮ, ಹಿಂದೆ ನೀರು ಚಿಮುಕಿಸುವುದು ದೊಡ್ಡಪ್ಪನ ಮಗ. ನಿನ್ನೆ ತಮ್ಮ ಫೋನು ಮಾಡಿದ್ದ. "ಅಕ್ಕಾ, ಬುತ್ತಿ ಗಿತ್ತಿ ಏನೂ ಕಟ್ಟಬ್ಯಾಡ, ಇಲ್ಲಿ ರೊಟ್ಟಿ ಬಡ್ಯಾಕತ್ತಾರ. ಬರೂ ಮುಂದ ನಾಕು ಸೀತಾಫಲ ಹಿಡ್ಕೊಂಡ್ ಬಾ ಸಾಕು. ಕಣ್ ಬಿಟ್ಟಾವ್ ನೋಡಿ ತಗೋ ಮತ್ತ" ಎಂದ. ಮೊನ್ನೆಯೇ ಎಂಟು ಹಣ್ಣು ತಂದು ಜೋಳದ ಚೀಲದಲ್ಲಿ ಹುಗಿದಿಟ್ಟಿದ್ದೇನೆ. ಇಲ್ಲಿಂದ ಮನೆಗೆ ಹೋದ ಕೂಡಲೇ ಕೈ ಹಾಕಿ ಒಂದೊಂದನ್ನೂ ಒತ್ತಿ ನೋಡಬೇಕು.

ನಮಸ್ಕಾರ.