ಊಟ ಆಯ್ತಾ ಅಂತ ಕೇಳಿದರೆ ಸಾಲದು

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆಗಾಲ ಹತ್ತಿರ ಬಂತೆಂದರೆ ಕೊಡಗಿನಲ್ಲಿ ವಿಪತ್ತು ಪರಿಹಾರದ ಸ್ವಯಂಸೇವಕರ ತರಬೇತಿ ಶುರುವಾಗುತ್ತದೆ. ಹಗ್ಗ ಬಿಗಿಯುವುದು, ಸ್ಟ್ರೆಚರ್ ಹಿಡಿಯುವುದು, ರಸ್ತೆಗೆ ಬಿದ್ದ ಮರ ಕೊಯ್ಯುವುದು, ಪ್ರಥಮ ಚಿಕಿತ್ಸೆ. ಎಲ್ಲ ಬೇಕಾದದ್ದೇ. ಆದರೆ ಊಟದ ಪಾಠ ಬಂದ ಕೂಡಲೇ "ಇದಕ್ಕೇನು ಟ್ರೈನಿಂಗ್? ಅಕ್ಕಿ ಬರುತ್ತೆ, ಹಂಚಿದರಾಯ್ತು" ಅಂತ ಅರ್ಧ ಜನ ಟೀ ಕುಡಿಯಲು ಎದ್ದು ಹೋಗುತ್ತಾರೆ. ಇವತ್ತು ನಾನು ಮಾತಾಡುವುದು ಹಾಗೆ ಎದ್ದು ಹೋದವರಿಗೆ ತಪ್ಪಿದ ಪಾಠದ ಬಗ್ಗೆ.

2018ರ ಆಗಸ್ಟ್ ತಿಂಗಳು ಯಾರಿಗೂ ಮರೆತಿಲ್ಲ. ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬಟ್ಟಗೇರಿ, ಜೋಡುಪಾಲ ಕಡೆ ಗುಡ್ಡಗಳೇ ಜಾರಿದವು. ಹೊರಗಿನ ಜನ ಕೈಬಿಡಲಿಲ್ಲ. ಲಾರಿಗಟ್ಟಲೆ ಅಕ್ಕಿ, ಬಿಸ್ಕತ್ತು, ಬ್ರೆಡ್ಡು, ನೀರಿನ ಬಾಟಲಿ ಬಂದು ರಾಶಿ ಬಿತ್ತು. ಮರುವರ್ಷ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಲಿಹುದಿಕೇರಿ ಮುಳುಗಿದಾಗಲೂ ಸಾಮಾನು ಬಂತು. ಟಿವಿ ಕ್ಯಾಮೆರಾ ಇರುವಷ್ಟು ದಿನ ಅಕ್ಕಿಯ ಚಿಂತೆ ಕಡಿಮೆ. ಕಷ್ಟ ಶುರುವಾಗುವುದು ಪರಿಹಾರ ಕ್ಯಾಂಪ್ ಮುಚ್ಚಿದ ಮೇಲೆ.

ಗದ್ದೆಯ ಮೇಲೆ ಆಳುದ್ದ ಮಣ್ಣು ಕೂತಿರುತ್ತದೆ. ತೋಟ ಜಾರಿ ಹೋಗಿದ್ದರೆ, ಹೊಸದಾಗಿ ನೆಟ್ಟ ಕಾಫಿ ಗಿಡ ಫಸಲಿಗೆ ಬರಲು ಮೂರ್ನಾಲ್ಕು ವರ್ಷ ಬೇಕು. ಜಾಗ ಯಾರ ಹೆಸರಲ್ಲಿದೆಯೋ ಅವರು ಬೆಳೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಅದೇ ತೋಟದಲ್ಲಿ ದಿನಗೂಲಿಗೆ ಹೋಗುತ್ತಿದ್ದವರು? ಅವರ ಹೆಸರಲ್ಲಿ ಜಾಗವೂ ಇಲ್ಲ, ಬೆಳೆಯೂ ಇಲ್ಲ, ಅರ್ಜಿ ಹಾಕಲು ಕಾಗದವೂ ಇಲ್ಲ. ಊರಿನ ಅಂಗಡಿಯಲ್ಲಿ ಅಕ್ಕಿ ಮೂಟೆ ಕಣ್ಣೆದುರೇ ಇರುತ್ತದೆ, ಕೊಳ್ಳಲು ಕೈಯಲ್ಲಿ ಕಾಸಿರುವುದಿಲ್ಲ. 1943ರ ಬಂಗಾಳದ ಬರಗಾಲದ ಬಗ್ಗೆ ಅಮರ್ತ್ಯ ಸೇನ್ ತೋರಿಸಿಕೊಟ್ಟದ್ದು ಇದನ್ನೇ. ಊರಲ್ಲಿ ಧಾನ್ಯ ಇದ್ದರೂ ಅದು ಕೈಗೆಟುಕದ ಜನ ಹಸಿವಿನಿಂದ ಸಾಯಬಹುದು. ನಮ್ಮಲ್ಲಿ ಅಷ್ಟು ಭೀಕರ ಆಗುವುದಿಲ್ಲ, ಸರಿ. ಆದರೆ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಒಬ್ಬ ತಾಯಿ ರಾತ್ರಿ ಊಟ ಬಿಡುವುದು ಆಗುತ್ತದೆ. ಅದು ಪಟ್ಟಿಗೆ ಬರುವುದಿಲ್ಲ, ಪೇಪರಿಗೂ ಬರುವುದಿಲ್ಲ.

ಹಾಗಾಗಿ ತರಬೇತಿಯಲ್ಲಿ ಮೊದಲು ಕಲಿಸಬೇಕಾದದ್ದು ಮೂಟೆ ಹೊರುವುದನ್ನಲ್ಲ, ಕೇಳುವುದನ್ನು.

ನಾನು ಒಂದು ಸಣ್ಣ ಆಟ ಆಡಿಸುತ್ತೇನೆ. ಒಬ್ಬರು ಲೈನ್ ಮನೆಯ ಹೆಂಗಸು, ಇನ್ನೊಬ್ಬರು ಸಮೀಕ್ಷೆಗೆ ಬಂದವರು. ಬಂದವರು ಫಾರಂ ಬಿಡಿಸಿಕೊಂಡು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಊಟ ಆಯ್ತಾ ಅಕ್ಕಾ?" ಉತ್ತರವೂ ಒಂದೇ: "ಆಯ್ತು." ನಮ್ಮಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರ ಇದೆಯಾ ಹೇಳಿ? ಎರಡು ದಿನದಿಂದ ಒಲೆ ಹಚ್ಚದವರೂ ಮನೆಗೆ ಬಂದವರಿಗೆ ಆಯ್ತು ಅಂತಲೇ ಹೇಳುತ್ತಾರೆ. ಮರ್ಯಾದೆಯ ವಿಷಯ ಅಲ್ವಾ? ಫಾರಂನಲ್ಲಿ "ಸಮಸ್ಯೆ ಇಲ್ಲ" ಅಂತ ಟಿಕ್ ಬೀಳುತ್ತದೆ, ಜೀಪು ಮುಂದಿನ ಮನೆಗೆ ಹೋಗುತ್ತದೆ.

ಆಮೇಲೆ ಪ್ರಶ್ನೆ ಬದಲಾಯಿಸಿ ಮತ್ತೆ ಆಡಿಸುತ್ತೇನೆ. ಫಾರಂ ಚೀಲದೊಳಗೆ. ಕೂತು ಮಾತು. ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಬೇಯಿಸಿದ್ರಿ? ಅಕ್ಕಿ ಎಲ್ಲಿಂದ ತಂದ್ರಿ? ಮೊದಲು ಯಾರಿಗೆ ಬಡಿಸಿದ್ರಿ, ಕೊನೆಗೆ ಯಾರು ಉಂಡ್ರು? ಈ ಕೊನೆಯ ಪ್ರಶ್ನೆ ಬಂದಾಗ ಆಟ ನಿಂತು ಹೋಗುತ್ತದೆ. ಪಾತ್ರ ಮಾಡುತ್ತಿದ್ದ ಹುಡುಗಿ ಸುಮ್ನೆ ನಕ್ಕು, "ಕೊನೆಗೆ ಅಮ್ಮ ಉಣ್ಣೋದು, ಇದ್ದರೆ" ಅನ್ನುತ್ತಾಳೆ. ಅದನ್ನು ಯಾರೂ ಅವಳಿಗೆ ಬರೆದುಕೊಟ್ಟಿರುವುದಿಲ್ಲ.

ಹೀಗೆ ಕೇಳಲು ಪ್ರಪಂಚದಾದ್ಯಂತ ಪರಿಹಾರ ಕೆಲಸದವರು ಬಳಸುವ ಐದು ಪ್ರಶ್ನೆಗಳಿವೆ. ಕಳೆದ ಏಳು ದಿನದಲ್ಲಿ ಎಷ್ಟು ದಿನ ಇಷ್ಟವಿಲ್ಲದ, ಅಗ್ಗದ ಆಹಾರ ತಿಂದಿರಿ? ಎಷ್ಟು ದಿನ ಸಾಲ ತಂದು ಅಥವಾ ನೆಂಟರ ಹತ್ತಿರ ಕೇಳಿ ಉಂಡಿರಿ? ಎಷ್ಟು ದಿನ ಬಡಿಸುವ ಪ್ರಮಾಣ ಕಡಿಮೆ ಮಾಡಿದಿರಿ? ಎಷ್ಟು ದಿನ ಮಕ್ಕಳಿಗೆ ಸಾಕಾಗಲಿ ಅಂತ ದೊಡ್ಡವರು ಬಿಟ್ಟಿರಿ? ಎಷ್ಟು ದಿನ ಒಂದು ಹೊತ್ತಿನ ಊಟ ತಪ್ಪಿತು? ಎಲ್ಲಕ್ಕೂ ಒಂದೇ ತೂಕ ಇಲ್ಲ. ಸಾಲಕ್ಕೆ ಎರಡು ಅಂಕ, ದೊಡ್ಡವರು ಬಿಟ್ಟದ್ದಕ್ಕೆ ಮೂರು, ಉಳಿದವಕ್ಕೆ ಒಂದೊಂದು. ದಿನಗಳಿಂದ ಗುಣಿಸಿ ಕೂಡಿಸುವುದು. ಒಂದು ಮನೆ ತಗೊಳ್ಳಿ. ಐದು ದಿನ ಅಗ್ಗದ ಊಟ, ಐದು ಅಂಕ. ಮೂರು ದಿನ ಸಾಲ, ಆರು. ನಾಲ್ಕು ದಿನ ಕಡಿಮೆ ಬಡಿಸಿದರು, ನಾಲ್ಕು. ಎರಡು ದಿನ ದೊಡ್ಡವರು ಉಣ್ಣಲಿಲ್ಲ, ಆರು. ಮೂರು ದಿನ ಒಂದು ಹೊತ್ತು ತಪ್ಪಿತು, ಮೂರು. ಒಟ್ಟು 24. ಮೂರರ ಒಳಗಿದ್ದರೆ ಚಿಂತೆ ಇಲ್ಲ. 18ರ ತನಕ ಒತ್ತಡ. 19 ಮುಟ್ಟಿದರೆ ಅದು ಬಿಕ್ಕಟ್ಟಿನ ಮನೆ. ಹೊರಗಿಂದ ನೋಡಿದರೆ ಆ ಮನೆಯಲ್ಲೂ ಒಲೆ ಉರಿಯುತ್ತಿರುತ್ತದೆ.

ಆದರೆ ಎಲ್ಲಿಂದಲೋ ಬಂದ ಪ್ರಶ್ನೆಯನ್ನು ಕೊಡಗಿನಲ್ಲಿ ಹಾಗೇ ಕೇಳಿದರೆ ಎಡವಟ್ಟಾಗುತ್ತದೆ. ಜುಲೈ-ಆಗಸ್ಟ್ ನಡುವಿನ ಕಕ್ಕಡ ತಿಂಗಳಲ್ಲಿ ಹೊರಗಿನ ಸ್ವಯಂಸೇವಕರೊಬ್ಬರು ಒಂದು ಮನೆಗೆ ಹೋದರು ಅಂತಿಟ್ಟುಕೊಳ್ಳಿ. ಅಲ್ಲಿ ಕೆಂಬು ಸೊಪ್ಪಿನ ಸಾರು, ಕಣಿಲೆ ಅಂದರೆ ಎಳೆ ಬಿದಿರಿನ ಪಲ್ಯ, ಗದ್ದೆಯ ಏಡಿ. ಪಾಪ, ಕಾಡಿನ ಸೊಪ್ಪು, ಬಿದಿರು ತಿಂದು ಬದುಕುತ್ತಿದ್ದಾರೆ ಅಂತ ಬರೆದುಬಿಟ್ಟರೆ? ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಅಷ್ಟು ಕಷ್ಟಪಟ್ಟು ಮಾಡುವುದು ಬಡತನಕ್ಕಲ್ಲ ಸ್ವಾಮಿ, ರುಚಿಗೆ! ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಉಳ್ಳವರ ಮನೆಯಲ್ಲೂ ಇರುತ್ತದೆ. ಇನ್ನೊಂದು ಮಗ್ಗುಲೂ ಇದೆ. ಗದ್ದೆ ತುಂಬ ಮಣ್ಣು ಕೂತ ವರ್ಷ ಆ ಏಡಿಯೂ ಸಿಗುವುದಿಲ್ಲ, ತೋಡಿನ ಬದಿಯ ಸೊಪ್ಪೂ ಸಿಗುವುದಿಲ್ಲ. ದುಡ್ಡಿಲ್ಲದೆ ಸಿಗುತ್ತಿದ್ದ ಆ ಊಟವನ್ನು ನೆಚ್ಚಿಕೊಂಡಿದ್ದ ಯರವ, ಜೇನುಕುರುಬ ಆದಿವಾಸಿ ಕುಟುಂಬಗಳಿಗೆ ಇದು ನಿಜವಾದ ನಷ್ಟ. ಹಾಗಾಗಿ "ಏನು ತಿಂದಿರಿ" ಅನ್ನುವುದರ ಜೊತೆಗೆ "ಈ ಕಾಲಕ್ಕೆ ಮಾಮೂಲು ಏನು ತಿಂತೀರಿ, ಈ ಸಲ ಏನು ಸಿಗ್ತಿಲ್ಲ" ಅಂತ ಕೇಳಬೇಕು. ಇದನ್ನು ಹೊರಗಿನವರಿಗೆ ಹೇಳಿಕೊಡಬೇಕಾದವರು ಇಲ್ಲಿನವರೇ.

ಈಗ ಸ್ವಲ್ಪ ಲೆಕ್ಕ. ಪೆನ್ನು ಇದ್ದರೆ ಬರೆದುಕೊಳ್ಳಿ. ತುರ್ತು ಸಮಯದಲ್ಲಿ ಒಬ್ಬರಿಗೆ ದಿನಕ್ಕೆ ಸರಾಸರಿ 2,100 ಕಿಲೋಕ್ಯಾಲರಿ ಸಿಗಬೇಕು ಅನ್ನುವುದು ಸ್ಫಿಯರ್ ಅನ್ನುವ ಅಂತಾರಾಷ್ಟ್ರೀಯ ಮಾನದಂಡ. ನಮ್ಮ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಪರಿಹಾರ ಕೇಂದ್ರಗಳಿಗೆ ಹೇಳಿರುವುದು ದೊಡ್ಡವರಿಗೆ 2,400, ಮಕ್ಕಳಿಗೆ 1,700. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಇರುತ್ತದೆ. ರೇಷನ್ನಿನ ಕಾನೂನಿನಲ್ಲಿ ಆದ್ಯತಾ ಕುಟುಂಬದ, ಅಂದರೆ ಬಿಪಿಎಲ್ ಕಾರ್ಡಿನ ಮನೆಯ, ಒಬ್ಬರಿಗೆ ತಿಂಗಳಿಗೆ ಐದು ಕೆಜಿ ಧಾನ್ಯ. ದಿನಕ್ಕೆ 167 ಗ್ರಾಂ ಬಿತ್ತು. ಅದರಿಂದ 600 ಕಿಲೋಕ್ಯಾಲರಿಯೂ ಬರುವುದಿಲ್ಲ. ಉಳಿದ ಮುಕ್ಕಾಲು ಪಾಲು ಎಲ್ಲಿಂದ ಬರಬೇಕು? ಕೂಲಿಯಿಂದ. ಆ ಕೂಲಿಯೇ ನಿಂತಿದೆ. ತರಬೇತಿಯಲ್ಲಿ ಈ ಲೆಕ್ಕವನ್ನು ಹಲಗೆಯ ಮೇಲೆ ನಾನು ಬರೆಯುವುದಿಲ್ಲ, ಅವರ ಕೈಯಿಂದಲೇ ಮಾಡಿಸುತ್ತೇನೆ. ಆಮೇಲೆ ಮನೆಗೆ ಹಂಚುವ ಆಹಾರದ ಕಿಟ್‌ನಲ್ಲಿ ಏನಿರಬೇಕು ಅಂತ ಚರ್ಚೆ ಮಾಡಿದರೆ ಯಾರೂ ಬರೀ ಅಕ್ಕಿ ಅನ್ನುವುದಿಲ್ಲ. ಬೇಳೆ, ಎಣ್ಣೆ, ಅಯೋಡಿನ್ ಉಪ್ಪು ತಾವಾಗಿಯೇ ಬರುತ್ತವೆ. ಎಣ್ಣೆಯನ್ನು ಮರೆಯುವವರು ಜಾಸ್ತಿ, ಆದರೆ ತೂಕಕ್ಕೆ ಹೋಲಿಸಿದರೆ ಹೆಚ್ಚು ಶಕ್ತಿ ಕೊಡುವುದು ಅದೇ. 25 ಗ್ರಾಂ ಎಣ್ಣೆಯಲ್ಲಿ 220ರಷ್ಟಿದೆ. ಜೀಪು ಹೋಗದ ಕಡೆ ತಲೆಹೊರೆಯಲ್ಲಿ ಒಯ್ಯುವವರಿಗೆ ಇದು ಸಣ್ಣ ವಿಷಯವಲ್ಲ.

ಅಕ್ಕಿ ಕೊಟ್ಟಿರಿ, ಬೇಯಿಸುವುದು ಹೇಗೆ? ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಒಣ ಸೌದೆ ಎಲ್ಲಿ ಸಿಗುತ್ತದೆ? ಪಾತ್ರೆ ಹೊಳೆಗೆ ಹೋಗಿರಬಹುದು. ಮೊದಲ ಎರಡು ಮೂರು ದಿನಕ್ಕೆ ಅವಲಕ್ಕಿ, ಬೆಲ್ಲ, ಕಡಲೆ ಇದ್ದರೆ ನೀರಲ್ಲಿ ನೆನೆಸಿ ತಿನ್ನಬಹುದು. ಆ ನೀರು ಶುದ್ಧವಾಗಿರಬೇಕು ಅಷ್ಟೇ.

ಹಾಲುಪುಡಿಯ ವಿಷಯ. ವಿಪತ್ತು ಆದ ಕೂಡಲೇ ಒಳ್ಳೆ ಮನಸ್ಸಿನವರು ಹಸುಗೂಸುಗಳಿಗೆ ಅಂತ ಪುಡಿ ಡಬ್ಬ, ಹಾಲಿನ ಬಾಟಲಿ ತರುತ್ತಾರೆ. ಸಿಕ್ಕ ಸಿಕ್ಕವರಿಗೆ ಹಂಚಬಾರದು. ಹಸುಗೂಸುಗಳ ಹಾಲುಪುಡಿ, ಬಾಟಲಿಯ ಬಗ್ಗೆ ಇರುವ 1992ರ ಕಾನೂನೇ ಅದನ್ನು ತಡೆಯುತ್ತದೆ. ಕೆಸರು ನೀರು, ತೊಳೆಯದ ಬಾಟಲಿ ಸೇರಿದರೆ ಮಗುವಿಗೆ ಭೇದಿ ಖಾತ್ರಿ. ಎದೆಹಾಲು ಕೊಡುವ ತಾಯಿಗೆ ಒಂದು ಮರೆಯ ಜಾಗ, ಹೊಟ್ಟೆ ತುಂಬ ಊಟ ಕೊಡಿ. ತಾಯಿಯೇ ಇಲ್ಲದ ಮಗು ಇದ್ದರೆ ವೈದ್ಯರ ಹತ್ತಿರ ಕರೆದೊಯ್ಯಿರಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳ ಎಡ ತೋಳನ್ನು ಅಳೆಯುವ ಬಣ್ಣದ ಪಟ್ಟಿ ಇದೆ. ಭುಜಕ್ಕೂ ಮೊಣಕೈಗೂ ಸರಿಯಾಗಿ ಮಧ್ಯದಲ್ಲಿ, ಕೈ ಸಡಿಲವಾಗಿ ಇಳಿಬಿಟ್ಟಾಗ ಅಳೆಯಬೇಕು. ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಕೆಂಪು. ಆ ಮಗುವಿಗೆ ಕಿಟ್ ಸಾಲದು, ಚಿಕಿತ್ಸೆ ಬೇಕು. 12.5ರ ತನಕ ಹಳದಿ. ಗಟ್ಟಿಯಾಗಿ ಎಳೆದರೆ ಹಸಿರು ಮಗುವೂ ಹಳದಿಗೆ ಬರುತ್ತದೆ. ಹುಡುಗರು ಮೊದಲು ಮಾಡುವ ತಪ್ಪು ಅದೇ.

ಇನ್ನು, ಸಾಮಾನು ಕೊಡಬೇಕಾ, ದುಡ್ಡು ಕೊಡಬೇಕಾ? ಇದಕ್ಕೆ ಉತ್ತರ ಅಂಗಡಿಯಲ್ಲಿದೆ. ತರಬೇತಿಯ ಎರಡನೇ ದಿನ ಎಲ್ಲರನ್ನೂ ಹೊರಗೆ ಕಳಿಸಬೇಕು. ಅಂಗಡಿಯವರನ್ನು ಕೇಳಿ ಬನ್ನಿ: ಲಾರಿ ಕೊನೆಗೆ ಯಾವಾಗ ಬಂತು, ಇರುವ ಅಕ್ಕಿ ಎಷ್ಟು ದಿನ ಬರುತ್ತೆ, ಬೇಳೆ ರೇಟು ಹೋದ ವಾರಕ್ಕಿಂತ ಏರಿದೆಯಾ, ಸಾಲದ ಪುಸ್ತಕ ದಪ್ಪ ಆಗಿದೆಯಾ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಅರ್ಧ ಗಂಟೆ ನಿಂತರೂ ಎಷ್ಟೋ ತಿಳಿಯುತ್ತದೆ. ರಸ್ತೆ ಇದೆ, ಅಂಗಡಿಯಲ್ಲಿ ಸಾಮಾನಿದೆ ಅಂದರೆ ಜನರ ಕೈಗೆ ದುಡ್ಡು ಕೊಡುವುದೇ ಮೇಲು. ತಮಗೆ ಬೇಕಾದ್ದು ಅವರು ತಗೊಳ್ಳುತ್ತಾರೆ, ಕುಸಲಕ್ಕಿ ಬೇಕಾದವರಿಗೆ ಕುಸಲಕ್ಕಿ. ಅಂಗಡಿಯವನೂ ಬದುಕುತ್ತಾನೆ. ಹಾಗಿರುವಾಗ ಹೊರಗಿನಿಂದ ಪುಕ್ಕಟೆ ಅಕ್ಕಿ ತಂದು ಸುರಿದರೆ, ಜನರಿಗೆ ಕಡ ಕೊಟ್ಟು ಕಾಪಾಡುತ್ತಿದ್ದ ಅಂಗಡಿಯನ್ನೇ ಮುಚ್ಚಿಸಿದಂತೆ. ಗುಡ್ಡದ ಬರೆ ಕುಸಿದು ದಾರಿ ಕಟ್ಟಾಗಿದ್ದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ನೋಟು ಬೇಯುವುದಿಲ್ಲ.

ಸಾಲಿನಲ್ಲಿ ನಿಂತವರನ್ನು ಎಣಿಸುವುದು ಸುಲಭ. ನಿಲ್ಲದವರು ಯಾರು? ಅಸ್ಸಾಂ, ಬಂಗಾಳದಿಂದ ತೋಟಕ್ಕೆ ಬಂದ ಕಾರ್ಮಿಕರು, ಭಾಷೆ ಬಾರದೆ ಹಿಂದೆ ಉಳಿಯುತ್ತಾರೆ. ಹಾಸಿಗೆ ಹಿಡಿದ ಅಜ್ಜ ಇರುತ್ತಾರೆ. ನ್ಯಾಯಬೆಲೆ ಅಂಗಡಿಯ ಯಂತ್ರಕ್ಕೆ ಕರೆಂಟು, ನೆಟ್‌ವರ್ಕ್ ಇಲ್ಲದೆ ಬೆರಳಚ್ಚು ಕೂರದವರು ಇರುತ್ತಾರೆ. ಕತ್ತಿ ಹಿಡಿದು ಸವೆದ ಬೆರಳಿಗೆ ಬಿಸಿಲುಗಾಲದಲ್ಲೇ ಆ ಯಂತ್ರ ತಕರಾರು ಮಾಡುತ್ತದೆ, ಮಳೆಗಾಲ ಕೇಳಬೇಕೇ?

ಇವರ ಮನೆ ಗೊತ್ತಿರುವುದು ಯಾರಿಗೆ? ಅಂಗನವಾಡಿ ಕಾರ್ಯಕರ್ತೆಗೆ, ಆಶಾ ಕಾರ್ಯಕರ್ತೆಗೆ, ತೋಟದ ಲೆಕ್ಕ ಬರೆಯುವ ರೈಟರಿಗೆ, ಮೇಸ್ತ್ರಿಗೆ, ಬಾಡಿಗೆ ಜೀಪಿನ ಡ್ರೈವರಿಗೆ. ತರಬೇತಿಗೆ ಗಟ್ಟಿ ತೋಳಿನ ಹುಡುಗರನ್ನು ಕರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ಪಕ್ಕದ ಕುರ್ಚಿಯಲ್ಲಿ ಇವರೂ ಕೂತಿರಬೇಕು, ಮತ್ತು ಆ ದಿನದ ಕೂಲಿ ಅವರಿಗೆ ತಪ್ಪಬಾರದು.

ಕಲಿತವರು ಕ್ಯಾಂಪ್ ಮುಚ್ಚಿದ ದಿನ ಕೆಲಸ ಮುಗಿಸಬೇಡಿ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಅದೇ ಮನೆಗಳಿಗೆ ಮತ್ತೆ ಹೋಗಿ ಅದೇ ಐದು ಪ್ರಶ್ನೆ ಕೇಳಿ. ಅರೇಬಿಕಾ ಕೊಯ್ಲು ಶುರುವಾಗಿ ಕೂಲಿ ಕೈಗೆ ಬರುವ ತನಕ ತಿಂಗಳಿಗೊಮ್ಮೆ ಲೆಕ್ಕ ತೆಗೆದು, 19 ಮುಟ್ಟಿದ ಮನೆಗಳ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಬರವಣಿಗೆಯಲ್ಲಿ ಕೊಡಿ. ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ನಮಸ್ಕಾರ.