ಒಂದೇ ಸಲ ಕಳಿಸಿ, ಎಲ್ಲರಿಗೂ ಮುಟ್ಟಿಸುವುದು

ನಮಸ್ಕಾರ ಕೇಳುಗರೇ.

ಒಂದು ತರಗತಿಯನ್ನು ಕಣ್ಮುಂದೆ ತಂದುಕೊಳ್ಳಿ. 40 ಮಕ್ಕಳು, 40 ಟ್ಯಾಬ್ಲೆಟ್‌ಗಳು, ಗೋಡೆಯ ಮೇಲೊಂದು ವೈ-ಫೈ ರೌಟರ್. ಎಲ್ಲರೂ ಒಂದೇ ಹೊತ್ತಿಗೆ ಒಂದೇ ವಿಡಿಯೋ ನೋಡಬೇಕು. ಆ ವಿಡಿಯೋಗೆ ಸೆಕೆಂಡಿಗೆ 2 ಮೆಗಾಬಿಟ್ ಬೇಕು ಅಂತ ಇಟ್ಟುಕೊಳ್ಳೋಣ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿದರೆ 80 ಮೆಗಾಬಿಟ್ ಆಯಿತು. ಒಂದೇ ಪಾಠವನ್ನು 40 ಸಲ ಹೇಳಿದ ಹಾಗೆ. ಆದರೆ ವೈ-ಫೈ ಅಂದರೆ ರೇಡಿಯೋ ಅಲೆಯೇ ಅಲ್ವಾ? ಒಂದು ಸಲ ಗಾಳಿಗೆ ಬಿಟ್ಟರೆ ಕೋಣೆಯಲ್ಲಿರುವ ಎಲ್ಲರಿಗೂ ತಲುಪುತ್ತದೆ. ಹಾಗಿದ್ದರೆ ಒಂದೇ ಸಲ ಕಳಿಸಿದರೆ ಸಾಲದೇ?

ಹೀಗೆ ಗುಂಪಿಗೆ ಕಳಿಸುವುದಕ್ಕೆ ಮಲ್ಟಿಕಾಸ್ಟ್ ಅಂತ ಹೆಸರು. ಇಂಟರ್ನೆಟ್‌ಗಾಗಿ ಇದರ ನಿಯಮವನ್ನು ಸ್ಟೀವ್ ಡೀರಿಂಗ್ 1989ರಲ್ಲಿ ಬರೆದರು. 224ರಿಂದ 239ರವರೆಗಿನ ಸಂಖ್ಯೆಗಳಿಂದ ಶುರುವಾಗುವ ಐಪಿ ವಿಳಾಸಗಳು ಇವತ್ತಿಗೂ ಗುಂಪುಗಳಿಗೇ ಮೀಸಲು. ತಂತಿಯ ಜಾಲದಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ವೈ-ಫೈನಲ್ಲಿ ಮುಗ್ಗರಿಸುತ್ತದೆ.

ಯಾಕೆ ಗೊತ್ತಾ? ರೌಟರ್ ಒಬ್ಬರಿಗೆ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ಚಿಕ್ಕ ತುಂಡು, ಕಳಿಸಿದರೆ, ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಆ ಕಡೆಯಿಂದ 'ಮುಟ್ಟಿತು' ಅಂತ ಉತ್ತರ ಬರುತ್ತದೆ. ಬರದಿದ್ದರೆ ರೌಟರ್ ಮತ್ತೆ ಕಳಿಸುತ್ತದೆ. ಗಾಳಿಯಲ್ಲಿ ಪ್ಯಾಕೆಟ್ ಹಾಳಾಗುವುದು ಮಾಮೂಲು. ಹೀಗೆ ಮತ್ತೆ ಮತ್ತೆ ಕಳಿಸುವುದರಿಂದ ನಮಗದು ಗೊತ್ತಾಗುವುದಿಲ್ಲ, ಅಷ್ಟೇ. ಗುಂಪಿಗೆ ಕಳಿಸುವಾಗ ಈ ಉತ್ತರವೇ ಇಲ್ಲ. 40 ಜನ ಒಟ್ಟಿಗೆ 'ಮುಟ್ಟಿತು' ಅಂದರೆ ಉತ್ತರಗಳೇ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಅನ್ನುವುದು ರೌಟರ್‌ಗೆ ತಿಳಿಯುವುದೇ ಇಲ್ಲ.

ಉತ್ತರ ಇಲ್ಲ ಅಂದಮೇಲೆ ಎಷ್ಟು ವೇಗ ಸರಿ ಅನ್ನುವುದೂ ತಿಳಿಯುವುದಿಲ್ಲ. ದೂರದ ಮೂಲೆಗೂ ಕೇಳಲಿ ಅಂತ ತೀರಾ ನಿಧಾನವಾಗಿ ಕಳಿಸುತ್ತದೆ. ವೈ-ಫೈ ಬಳಸುವ ಅಲೆಗಳಲ್ಲೊಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಆ ವೇಗ ಸೆಕೆಂಡಿಗೆ 1 ಮೆಗಾಬಿಟ್‌ವರೆಗೂ ಇಳಿಯಬಹುದು. ಆಗ 1500 ಬೈಟ್‌ನ ಒಂದು ಪ್ಯಾಕೆಟ್‌ಗೆ 12 ಮಿಲಿಸೆಕೆಂಡ್ ಹಿಡಿಯುತ್ತದೆ. 54 ಮೆಗಾಬಿಟ್ ವೇಗದಲ್ಲಾದರೆ ಕಾಲು ಮಿಲಿಸೆಕೆಂಡೂ ಬೇಡ. ನಮ್ಮ 2 ಮೆಗಾಬಿಟ್ ವಿಡಿಯೋ ಆ ಸಣ್ಣ ದಾರಿಯಲ್ಲಿ ಹಿಡಿಸುವುದೇ ಇಲ್ಲ.

ಈಗ ಒಂದು ಲೆಕ್ಕ. ಮೊದಲ ಸಲ ಮಾಡಿದಾಗ ನನಗೆ ನಂಬಿಕೆಯೇ ಬರಲಿಲ್ಲ. ಪ್ರತಿ ಮಗುವಿಗೂ ನೂರಕ್ಕೆ 1 ಪ್ಯಾಕೆಟ್ ಮಾತ್ರ ತಪ್ಪುತ್ತದೆ ಅನ್ನಿ. ತೀರಾ ಕಡಿಮೆ, ಅಲ್ವಾ? ಆದರೆ ಒಬ್ಬೊಬ್ಬರಿಗೆ ತಪ್ಪುವುದು ಒಂದೊಂದು. ಹಾಗಾಗಿ 40 ಜನರಿಗೂ ಸರಿಯಾಗಿ ಮುಟ್ಟುವುದು ನೂರಕ್ಕೆ ಸುಮಾರು 67 ಪ್ಯಾಕೆಟ್ ಮಾತ್ರ. ಪ್ರತಿ ಮೂರರಲ್ಲಿ ಒಂದನ್ನು ಯಾರೋ ಒಬ್ಬರು ಕಳೆದುಕೊಂಡಿರುತ್ತಾರೆ. ಅದನ್ನೆಲ್ಲ ಮತ್ತೆ ಕಳಿಸುತ್ತಾ ಕೂತರೆ ಪಾಠ ಮುಂದೆ ಹೋಗುವುದು ಯಾವಾಗ? ವಿಡಿಯೋಗೆ ಕಾಯುವ ತಾಳ್ಮೆ ಇಲ್ಲ. ತೋರಿಸಬೇಕಾದ ಗಳಿಗೆ ದಾಟಿದ ಮೇಲೆ ಪ್ಯಾಕೆಟ್ ಬಂದರೂ ಒಂದೇ, ಬರದಿದ್ದರೂ ಒಂದೇ.

ಇದಕ್ಕೆ ಜನ ಹುಡುಕಿದ ದಾರಿಗಳಲ್ಲಿ ಎರಡು ನನಗೆ ತುಂಬಾ ಇಷ್ಟ. ಮೊದಲನೆಯದನ್ನು ಜಾಯ್ ಕುರಿ ಮತ್ತು ಸ್ನೇಹಾ ಕಸೇರಾ 1999ರಲ್ಲಿ ಮುಂದಿಟ್ಟರು. ಗುಂಪಿಗೆ ಒಬ್ಬ ನಾಯಕ. ಪ್ಯಾಕೆಟ್ ಬರುತ್ತಿದೆ ಅಂತ ಮೊದಲೇ ಒಂದು ಚಿಕ್ಕ ಸೂಚನೆ ಹೋಗುತ್ತದೆ. ಪ್ಯಾಕೆಟ್ ಸಿಕ್ಕರೆ ನಾಯಕ ಮಾತ್ರ 'ಮುಟ್ಟಿತು' ಅನ್ನುತ್ತಾನೆ, ಸಿಕ್ಕ ಉಳಿದವರು ಸುಮ್ನಿರುತ್ತಾರೆ. ತಪ್ಪಿಸಿಕೊಂಡವರು ಅದೇ ಕ್ಷಣಕ್ಕೆ 'ಸಿಗಲಿಲ್ಲ' ಅಂತ ಕೂಗುತ್ತಾರೆ. ಎರಡೂ ಡಿಕ್ಕಿ ಹೊಡೆದು ನಾಯಕನ ಮಾತು ರೌಟರ್‌ಗೆ ಕೇಳಿಸುವುದಿಲ್ಲ. ಕೇಳದಿದ್ದರೆ ರೌಟರ್ ಮತ್ತೆ ಕಳಿಸುತ್ತದೆ. ಯಾವ ಡಿಕ್ಕಿಗೆ ಹೆದರಿ ಉತ್ತರವನ್ನೇ ಬಿಟ್ಟಿದ್ದರೋ, ಅದೇ ಡಿಕ್ಕಿ ಇಲ್ಲಿ ಸುದ್ದಿ ಮುಟ್ಟಿಸುತ್ತದೆ!

ಎರಡನೆಯದು ಇನ್ನೂ ಸೊಗಸು. ಮೂರು ಪ್ಯಾಕೆಟ್‌ಗಳಲ್ಲಿ 3, 5, 7 ಅನ್ನುವ ಸಂಖ್ಯೆಗಳಿವೆ ಅನ್ನಿ. ನಾಲ್ಕನೆಯದಾಗಿ ಅವುಗಳ ಮೊತ್ತ 15 ಕಳಿಸುತ್ತೇವೆ. 5 ಕಳೆದುಕೊಂಡ ಹುಡುಗಿ 15ರಲ್ಲಿ 3 ಮತ್ತು 7 ಕಳೆದು ತನ್ನ 5 ಪಡೆಯುತ್ತಾಳೆ. 7 ಕಳೆದುಕೊಂಡ ಹುಡುಗ ಅದೇ 15ರಿಂದ ತನ್ನ 7 ಪಡೆಯುತ್ತಾನೆ. ಕಳೆದದ್ದು ಬೇರೆ ಬೇರೆ, ಕಳಿಸಿದ ಔಷಧ ಒಂದೇ! ಯಾರಿಗೆ ಏನು ತಪ್ಪಿತು ಅಂತ ರೌಟರ್ ಕೇಳಬೇಕಾಗಿಯೇ ಇಲ್ಲ. ರೀಡ್ ಮತ್ತು ಸಾಲೊಮನ್ 1960ರಲ್ಲಿ ಕೊಟ್ಟ ಗಣಿತ ಇದನ್ನು ಬಹಳ ಮುಂದಕ್ಕೆ ಒಯ್ಯುತ್ತದೆ. 10 ಪ್ಯಾಕೆಟ್‌ಗೆ 3 ಹೆಚ್ಚುವರಿ ಸೇರಿಸಿದರೆ, ಆ 13ರಲ್ಲಿ ಯಾವ 10 ಸಿಕ್ಕರೂ ಪೂರ್ತಿ ಮಾಹಿತಿ ವಾಪಸ್ ಸಿಗುತ್ತದೆ. ಸಿಡಿಯ ಮೇಲೆ ಗೀರು ಬಿದ್ದರೂ ಹಾಡು ಕೇಳಿಸುವುದು, ಕ್ಯೂಆರ್ ಕೋಡ್‌ನ ಒಂದು ಚೂರು ಹರಿದರೂ ಸ್ಕ್ಯಾನ್ ಆಗುವುದು ಇದೇ ಗಣಿತದಿಂದ.

ಹೆಚ್ಚುವರಿ ಪ್ಯಾಕೆಟ್‌ಗಳನ್ನು ಎಲ್ಲಕ್ಕೂ ಸಮನಾಗಿ ಹಂಚಬೇಕಿಲ್ಲ. ವಿಡಿಯೋದಲ್ಲಿ ಆಗಾಗ ಒಂದು ಪೂರ್ತಿ ಚಿತ್ರ ಬರುತ್ತದೆ, ಅದು ಐ-ಫ್ರೇಮ್. ನಡುವೆ ಬರುವವು ಬದಲಾದದ್ದನ್ನಷ್ಟೇ ಹೇಳುತ್ತವೆ. ಐ-ಫ್ರೇಮ್‌ನ ಒಂದು ಚೂರು ಕಳೆದರೂ ಮುಂದಿನ ಐ-ಫ್ರೇಮ್ ಬರುವತನಕ ಪರದೆ ಕಲಸಿಹೋಗಬಹುದು. ಅದಕ್ಕೇ ಜಾಸ್ತಿ ಕಾವಲು ಕೊಡಬೇಕು.

2012ರಲ್ಲಿ ಬಂದ 802.11ಎಎ ಅನ್ನುವ ವೈ-ಫೈ ನಿಯಮದಲ್ಲಿ, ಗುಂಪಿಗೂ ಮತ್ತೆ ಕಳಿಸುವ ವ್ಯವಸ್ಥೆ ಸೇರಿತು. ಎಲ್ಲ ಸಾಧನಗಳಲ್ಲೂ ಅದು ಇರುವುದಿಲ್ಲ. ಇಂಥ ಕೋಣೆ ಸಜ್ಜು ಮಾಡುವವರು ಮೊದಲು ರೌಟರ್‌ನ ಸೆಟ್ಟಿಂಗ್‌ನಲ್ಲಿ ಮಲ್ಟಿಕಾಸ್ಟ್ ವೇಗ ಎಷ್ಟಿದೆ ನೋಡಿ. ಕೋಣೆ ಚಿಕ್ಕದಾಗಿದ್ದರೆ ಏರಿಸಿ, ಆಮೇಲೆ ದೂರದ ಮೂಲೆಯಲ್ಲಿ ಕೂತು ವಿಡಿಯೋ ನೋಡಿ. ನೋಡುವವರು ಹತ್ತೇ ಜನ ಇದ್ದರೆ ಮಲ್ಟಿಕಾಸ್ಟನ್ನೇ ಬಿಡಬಹುದು. 54 ಮೆಗಾಬಿಟ್‌ನಲ್ಲಿ ಒಬ್ಬೊಬ್ಬರಿಗೂ ಬೇರೆಯಾಗಿ ಹತ್ತು ಸಲ ಕಳಿಸಿದರೂ, ಆಗ ಹೇಳಿದ 12 ಮಿಲಿಸೆಕೆಂಡ್‌ಗಿಂತ ಬೇಗ ಮುಗಿಯುತ್ತದೆ. ಜೊತೆಗೆ ಪ್ರತಿಯೊಬ್ಬರಿಂದಲೂ 'ಮುಟ್ಟಿತು' ಅನ್ನುವ ಉತ್ತರವೂ ಬರುತ್ತದೆ.

ನಮಸ್ಕಾರ.